ಸುದ್ದಿಗೆ ಕಾಲು ಬಂದದ್ದು ಹೇಗೆ

1915ರ ಜನವರಿಯಲ್ಲಿ ನಿಜಾಮರ ಸಂಸ್ಥಾನದ ಗಣಿ ಎಂಜಿನಿಯರ್ ಸಿ. ಬೀಡನ್ ಬಂಗಾರದ ನೆಲೆ ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದರು. ಸಿಕ್ಕಿದ್ದು ಬ್ರಾಹ್ಮಿ ಅಕ್ಷರಗಳನ್ನು ಕೊರೆದ ಬಂಡೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದ ಮೇಲೂ ಶಾಸನಗಳಲ್ಲಿ ಕಾಣುತ್ತಿದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ. ಆ ಬಿರುದಿನ ದೊರೆ ಅಶೋಕನೇ ಇರಬೇಕೆಂದು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯ ಬಂಡೆ ಹೆಸರನ್ನೇ ಹೇಳಿಬಿಟ್ಟಿತು.

ರಾಯಚೂರು ಸೀಮೆಯಲ್ಲಿ ಇಷ್ಟು ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಮಸ್ಕಿಯ ಒಕ್ಕಣೆ ಮಸ್ಕಿಯಲ್ಲಷ್ಟೇ ಇಲ್ಲ. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳಲ್ಲಿ ಅದೇ ಮಾತಿದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ, ದೂರದ ಬಿಹಾರದ ಸಹಸ್ರಾಮಿನಲ್ಲೂ ಇದೆ. ಒಂದೇ ಮಾತು ನೂರಾರು ಮೈಲಿ ನಡೆದು ಊರೂರಿನ ಕಲ್ಲಿಗೆ ಅಂಟಿಕೊಂಡಿದೆ. ಈಗ ನಾವು ‘ವೈರಲ್ ಆಯಿತು’ ಎನ್ನುತ್ತೇವಲ್ಲ, ಆ ವಿದ್ಯಮಾನಕ್ಕೆ ನಮ್ಮ ನೆಲದಲ್ಲಿ ಉಳಿದಿರುವ ಅತಿ ಹಳೆಯ ಲಿಖಿತ ಸಾಕ್ಷಿ ಇದು.

ಅದು ಹಬ್ಬಿದ ಬಗೆಯನ್ನು ಶಾಸನಗಳೇ ಹೇಳುತ್ತವೆ. ಮಧ್ಯಪ್ರದೇಶದ ರೂಪನಾಥದ ಮತ್ತು ಸಹಸ್ರಾಮಿನ ಪಾಠಗಳಲ್ಲಿ ಇದನ್ನು ಬಂಡೆಗಳ ಮೇಲೆ ಬರೆಸಿ, ಕಲ್ಲುಕಂಬ ಇದ್ದರೆ ಅದರ ಮೇಲೂ ಬರೆಸಿ ಎಂಬ ಆಜ್ಞೆಯಿದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇನ್ನೂ ಸ್ವಾರಸ್ಯವಿದೆ: ಅಧಿಕಾರಿ ಭೇರಿ ಹೊಡೆಸಿ ಹಳ್ಳಿಗಾಡಿನ ಜನಕ್ಕೆ ತಿಳಿಸಬೇಕು ಎಂದಿದೆ. ನಮ್ಮ ಊರುಗಳಲ್ಲಿ ಮೊನ್ನೆಮೊನ್ನೆಯವರೆಗೂ ಸಾರುತ್ತಿದ್ದ ಡಂಗುರವೇ ಅದು. ಒಡಿಶಾದ ಧೌಲಿಯ ಶಾಸನವನ್ನು ಗೊತ್ತಾದ ದಿನಗಳಲ್ಲಿ ಓದಿ ಹೇಳಬೇಕು, ಕೇಳಲು ಒಬ್ಬನೇ ಇದ್ದರೂ ಸರಿ ಎಂದಿದೆ. ಆ ಒಬ್ಬನನ್ನೂ ಲೆಕ್ಕಕ್ಕೆ ಹಿಡಿದ ದೊರೆಯ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಬ್ರಹ್ಮಗಿರಿ, ಪಕ್ಕದ ಸಿದ್ದಾಪುರದ ಬಂಡೆಗಳನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಅಶೋಕನ ಮಾತಿಗೂ ಮೊದಲು ಬೇರೆ ಸಾಲುಗಳಿವೆ: ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲ ಎಂಬ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸುತ್ತಾರೆ. ಇದು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಬಂದ ಮೇಲೋಲೆ, ಜನಕ್ಕೆ ಹೇಳಬೇಕಾದದ್ದಲ್ಲ. ಕೊರೆದವನು ಅದನ್ನೂ ಬಿಡದೆ ಕೊರೆದ. ಯಾರು ಯಾರಿಗೆ ದಾಟಿಸಿದರು ಎಂಬ ಗುರುತು ಹೀಗೆ ಕಲ್ಲಿನಲ್ಲಿ ಉಳಿಯಿತು. ಆ ಸುವರ್ಣಗಿರಿ ಮಸ್ಕಿಗೆ ಹತ್ತಿರದ ಕನಕಗಿರಿಯೇ ಎಂದು ಕೆಲವು ವಿದ್ವಾಂಸರು, ಎರ್ರಗುಡಿ ಬಳಿಯ ಜೊನ್ನಗಿರಿ ಎಂದು ಇನ್ನು ಕೆಲವರು ಹೇಳುತ್ತಾರೆ. ನಕಲು ಮಾಡುವಾಗ ತಪ್ಪು ನುಸುಳುವುದೂ ಅಶೋಕನಿಗೆ ಗೊತ್ತಿತ್ತು. ಹದಿನಾಲ್ಕನೆಯ ಬಂಡೆಶಾಸನದಲ್ಲಿ ಲಿಪಿಕಾರನ ತಪ್ಪಿನಿಂದ ಕೆಲವೆಡೆ ಬರಹ ಅಪೂರ್ಣವಾಗಿರಬಹುದು ಎಂದು ಒಪ್ಪಿಕೊಂಡಿದ್ದಾನೆ.

ಹಬ್ಬುವುದು ಮಾತಿನ ಗುಣಕ್ಕಿಂತ ಹೆಚ್ಚಾಗಿ ಅದನ್ನು ಹೊತ್ತೊಯ್ಯುವ ವ್ಯವಸ್ಥೆಯ ಗುಣ. ಮಸ್ಕಿಯಲ್ಲಿ ಆ ವ್ಯವಸ್ಥೆ ರಾಜನ ಅಧಿಕಾರಿಗಳದ್ದು. ನಮ್ಮ ಕಾಲದಲ್ಲಿ ಅದು ಕಂಪನಿಗಳದ್ದು.

2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಿತು, 2009ರಲ್ಲಿ ಲೈಕ್ ಗುಂಡಿ ಬಂತು. ಅದೇ ವರ್ಷ ಟ್ವಿಟರ್ ರೀಟ್ವೀಟ್ ಗುಂಡಿ ಕೊಟ್ಟಿತು. ಬೇರೆಯವರ ಮಾತನ್ನು ಮರಳಿ ಟೈಪ್ ಮಾಡುವ ಶ್ರಮ ಅಲ್ಲಿಗೆ ಮುಗಿಯಿತು. ಬರೆದು ದಾಟಿಸುವಾಗ ಒಂದು ಕ್ಷಣವಾದರೂ ಯೋಚಿಸುತ್ತೇವೆ. ಒತ್ತಿ ದಾಟಿಸುವಾಗ ಅದೂ ಇಲ್ಲ. ಆಮೇಲೆ ಯಾರ ಪೋಸ್ಟ್ ಯಾರಿಗೆ ಕಾಣಬೇಕೆಂದು ಯಂತ್ರವೇ ನಿರ್ಧರಿಸತೊಡಗಿತು. ಒಂದು ಪೋಸ್ಟಿಗೆ ನೀವು ಲೈಕ್ ಒತ್ತುವಿರೋ, ಕಮೆಂಟ್ ಹಾಕುವಿರೋ, ಶೇರ್ ಮಾಡುವಿರೋ ಎಂದು ಅದು ಮೊದಲೇ ಅಂದಾಜು ಮಾಡುತ್ತದೆ. ಒಂದೊಂದಕ್ಕೂ ಒಂದೊಂದು ತೂಕ. ಆ ತೂಕದ ಪಟ್ಟಿ ಹೊರಗೆ ಬರುವುದು ಅಪರೂಪ. 2023ರಲ್ಲಿ ಟ್ವಿಟರ್ ತನ್ನದನ್ನು ಪ್ರಕಟಿಸಿದಾಗ ಲೈಕಿಗೆ 0.5, ರೀಟ್ವೀಟಿಗೆ 1, ಉತ್ತರಕ್ಕೆ 13.5 ಎಂದಿತ್ತು. ಅಂದರೆ ಒಂದು ಉತ್ತರ 27 ಲೈಕುಗಳಿಗೆ ಸಮ. ಮೆಚ್ಚಿದವರು ಲೈಕ್ ಒತ್ತಿ ಮುಂದೆ ಹೋಗುತ್ತಾರೆ; ಸಿಟ್ಟಾದವರು ನಿಂತು ಉತ್ತರ ಬರೆಯುತ್ತಾರೆ. ಜಗಳದ ಪೋಸ್ಟಿಗೆ ರೀಚ್ ಏಕೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕಿಲ್ಲ.

ಚಿಕ್ಕ ವಿಡಿಯೊಗಳು ಇನ್ನೊಂದು ಬಾಗಿಲು ತೆರೆದವು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹತ್ತೇ ದಿನದೊಳಗೆ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು. ಇಲ್ಲಿ ಹಿಂಬಾಲಕರು ಇರಲೇಬೇಕೆಂದಿಲ್ಲ. ಯಂತ್ರ ವಿಡಿಯೊವನ್ನು ಗುರುತಿಲ್ಲದ ಕೆಲವರಿಗೆ ತೋರಿಸಿ, ಅವರು ಕೊನೆಯವರೆಗೂ ನೋಡಿದರೆ ಇನ್ನಷ್ಟು ಜನರ ಮುಂದೆ ಇಡುತ್ತದೆ. ಹಾಗಾಗಿ ಲಿಂಗಸುಗೂರಿನ ಹುಡುಗ ಹೊಲದ ಬದುವಿನಲ್ಲಿ ನಿಂತು ತನ್ನೂರಿನ ಮಾತಿನಲ್ಲೇ ಹೇಳಿದ್ದು ಮೈಸೂರಿನವರ ಫೋನಿಗೂ ಹೋಗುತ್ತದೆ. ಸಿನಿಮಾದಲ್ಲಿ ಬರೀ ನಗೆಪಾಟಲಿಗೆ ಬಳಕೆಯಾಗುತ್ತಿದ್ದ ನಮ್ಮ ಭಾಗದ ಕನ್ನಡಕ್ಕೆ ಸಿಕ್ಕ ಈ ಮರ್ಯಾದೆ ದೊಡ್ಡದು. ಅದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ವಾಟ್ಸ್‌ಆ್ಯಪಿನದು ಬೇರೆ ದಾರಿ. ಅಲ್ಲಿ ತೂಗುವ ಯಂತ್ರವಿಲ್ಲ, ದಾಟಿಸುವವರು ನಾವೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಎಡದಂಡೆ ಕಾಲುವೆಯನ್ನೇ ನಂಬಿ ಭತ್ತ ಹಾಕುವ ಸಿಂಧನೂರು, ಮಸ್ಕಿಯ ರೈತರ ಗ್ರೂಪುಗಳಿಗೆ ಸುದ್ದಿ ತಲುಪಲು ಪತ್ರಿಕೆ ಬರುವವರೆಗೆ ಕಾಯಬೇಕಾಗಿರಲಿಲ್ಲ. ಭಯವೂ ಅಷ್ಟೇ ಬೇಗ ತಲುಪಿತು.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಇದೇ ವೇಗ ಒಂದು ಜೀವ ತೆಗೆಯಿತು. ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಹೊರಟಿತು. ಅವರ ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ಸಂದೇಶ ಮುಟ್ಟಿತ್ತು. ಜನ ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಎಂಜಿನಿಯರ್ ಸತ್ತ. ದೇಶದ ಹಲವೆಡೆ ಇಂಥ ಕೊಲೆಗಳಾದ ಮೇಲೆ, ಮುರ್ಕಿಯ ಘಟನೆ ನಡೆದ ಒಂದು ವಾರದಲ್ಲಿ, ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ಪ್ರಕಟಿಸಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇರುತ್ತದೆ.

ಬ್ರಹ್ಮಗಿರಿಯ ಬಂಡೆಯಲ್ಲಿ ಕಳಿಸಿದವರು ಯಾರೆಂದು ಬರೆದಿದೆ. ಜೋಡಿ ಬಾಣ ಅದನ್ನು ಹೇಳುವುದಿಲ್ಲ. ಮಾತು ತುಂಬ ಕೈ ದಾಟಿದೆ ಎಂದಷ್ಟೇ ಹೇಳುತ್ತದೆ. ಆದ್ದರಿಂದ ಗ್ರೂಪ್ ನಡೆಸುವವರಲ್ಲಿ, ಸ್ಟೇಟಸ್ ಹಾಕುವವರಲ್ಲಿ ಒಂದು ವಿನಂತಿ. ಆ ಗುರುತು ಕಂಡರೆ ಕಳಿಸಿದವರನ್ನು ಕೇಳಿ: ನಿಮಗೆ ಇದು ಎಲ್ಲಿಂದ ಬಂತು? ಕಾಲುವೆ ನೀರಿನ ಮಾತಾದರೆ ನೀರಾವರಿ ಕಚೇರಿಯಲ್ಲಿ ವಿಚಾರಿಸಿ. ಮಕ್ಕಳ ಕಳ್ಳರ ಮಾತಾದರೆ ಗ್ರೂಪಿಗೆ ಹಾಕಬೇಡಿ, 112ಕ್ಕೆ ಫೋನ್ ಮಾಡಿ.