ಕಸದಿಂದ ರಸ: ನಮ್ಮೊಳಗಿನ ಪುರಾತನ ವೈರಸ್ಸುಗಳು

ಮಗು ಜನಿಸಿದ ಮನೆಯಲ್ಲಿ ಎಲ್ಲರ ದೃಷ್ಟಿಯೂ ಮೊದಲು ಮಗುವಿನ ಮೇಲೆ, ತರುವಾಯ ತಾಯಿಯ ಮೇಲೆ. ಮಗುವಿನ ಹಿಂದೆಯೇ ಹೊರಬರುವ ಮಾಸಿನತ್ತ ಯಾರ ಗಮನವೂ ಹರಿಯುವುದಿಲ್ಲ. ಊರಿನಲ್ಲಾದರೆ ಸೂಲಗಿತ್ತಿ ಅದನ್ನು ಹಿತ್ತಿಲಲ್ಲಿ ಹೂಳಿಸುತ್ತಿದ್ದಳು. ಮಹಾನಗರದ ಆಸ್ಪತ್ರೆಯಲ್ಲಿ ಅದು ಎಲ್ಲಿಗೆ ಹೋಯಿತೆಂದು ಕೇಳುವವರೇ ಇಲ್ಲ. ಹಸು ಈದ ಬಳಿಕ ಬೀಳುವ ಮಾಸಿಗಂತೂ ನಮ್ಮ ರೈತರು ‘ಕಸ’ವೆಂದೇ ಹೆಸರಿಟ್ಟಿದ್ದಾರೆ. ಆದರೆ ಒಂಬತ್ತು ತಿಂಗಳ ಕಾಲ ಮಗುವಿಗೆ ಶ್ವಾಸಕೋಶ, ಕರುಳು, ಮೂತ್ರಪಿಂಡಗಳ ಕೆಲಸವನ್ನೆಲ್ಲ ಮಾಡಿಕೊಟ್ಟದ್ದು ಆ ಕಸವೇ! ಇನ್ನೂ ಸೋಜಿಗದ ಸಂಗತಿಯೆಂದರೆ, ಮಾಸು ರೂಪುಗೊಳ್ಳಲು ನೆರವಾಗುವ ಒಂದು ಮುಖ್ಯ ವಂಶವಾಹಿ ಮೂಲತಃ ನಮ್ಮದಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಅದನ್ನು ತಂದದ್ದು ಒಂದು ವೈರಸ್ಸು.

ಲೆಕ್ಕದ ಪುಸ್ತಕದಲ್ಲಿ ಅನ್ಯರ ಬರಹ

ಮನುಷ್ಯನ ಜೀವಕೋಶದಲ್ಲಿರುವ ಡಿ.ಎನ್.ಎ. ಸುಮಾರು 300 ಕೋಟಿ ಅಕ್ಷರಗಳ ಒಂದು ಬೃಹತ್ ಲೆಕ್ಕದ ಪುಸ್ತಕ. 2001ರಲ್ಲಿ ಅದರ ಮೊದಲ ಕರಡು ಪ್ರಕಟವಾದಾಗ ವಿಜ್ಞಾನಿಗಳೇ ಬೆರಗಾದರು. ಪ್ರೋಟೀನುಗಳ ತಯಾರಿಕೆಗೆ ನೇರವಾದ ಆದೇಶವಿರುವ ಭಾಗ ನೂರಕ್ಕೆ 2ಕ್ಕಿಂತಲೂ ಕಡಿಮೆ. ಪುರಾತನ ವೈರಸ್ಸುಗಳ ಅವಶೇಷವಾದರೋ ನೂರಕ್ಕೆ ಸುಮಾರು 8.

ಇಷ್ಟೊಂದು ಬರಹ ಹೇಗೆ ಸೇರಿತು? ರೆಟ್ರೋವೈರಸ್ಸು ಎಂಬ ವರ್ಗದ ವೈರಸ್ಸುಗಳು ತಮ್ಮ ಆರ್.ಎನ್.ಎ. ಲಿಪಿಯನ್ನು ಡಿ.ಎನ್.ಎ. ಲಿಪಿಗೆ ತಿರುಗಿಸಿ, ತಾವು ಹೊಕ್ಕ ಜೀವಕೋಶದ ಡಿ.ಎನ್.ಎ.ಯೊಳಗೇ ಅದನ್ನು ಹೊಲಿದುಬಿಡುತ್ತವೆ. ಹೀಗೆ ಲಿಪಿಯನ್ನು ತಿರುಗಿಸುವ ಕಿಣ್ವವನ್ನು ಅಮೆರಿಕೆಯ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ 1970ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದರು; 1975ರ ನೊಬೆಲ್ ಪಾರಿತೋಷಕದಲ್ಲಿ ಇಬ್ಬರೂ ಪಾಲುಗಾರರಾದರು. ಸಾಮಾನ್ಯವಾಗಿ ಇಂತಹ ಸೇರ್ಪಡೆ ಸೋಂಕು ತಗುಲಿದ ವ್ಯಕ್ತಿಯೊಡನೆಯೇ ಮುಗಿಯುತ್ತದೆ. ಆದರೆ ವೈರಸ್ಸು ವೀರ್ಯಾಣುವಿನೊಳಗೋ ಅಂಡಾಣುವಿನೊಳಗೋ ಸೇರಿ, ಅದರಿಂದ ಸಂತಾನವಾದರೆ, ಆ ಸಂತಾನದ ಕಣಕಣದಲ್ಲೂ ವೈರಸ್ಸಿನ ಬರಹ ಉಳಿದು ಪಿತ್ರಾರ್ಜಿತ ಆಸ್ತಿಯಂತೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ. ಆಸ್ಟ್ರೇಲಿಯಾದ ಕೋಆಲಾ ಪ್ರಾಣಿಗಳಲ್ಲಿ ಇದೇ ಪ್ರಕ್ರಿಯೆ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ.

ಕಾಲಕ್ರಮದಲ್ಲಿ ಆ ಬರಹದ ಅಕ್ಷರಗಳು ಅಳಿಸಿ, ಬಹುಪಾಲು ಅರ್ಥಹೀನವಾಗುತ್ತದೆ. ಎಂದೋ ಮುಳುಗಿದ ಸಾಲದ ಬಾಬನ್ನು ಗುಮಾಸ್ತನು ವರ್ಷವರ್ಷವೂ ಮುಂದಿನ ಪುಟಕ್ಕೆ ಎತ್ತಿ ಬರೆಯುವಂತೆ ಜೀವಕೋಶವೂ ಅದನ್ನು ನಕಲು ಮಾಡುತ್ತಲೇ ಬಂದಿದೆ. ಆದೇಶವಿಲ್ಲದ ಇಂತಹ ಡಿ.ಎನ್.ಎ.ಯನ್ನು 1972ರಲ್ಲಿ ಸುಸುಮು ಓನೋ ಎಂಬ ವಿಜ್ಞಾನಿ ‘ಕಸ’ವೆಂದೇ ಕರೆದರು. ಹೀಗೆ ಮಾಸಿಗೂ ವೈರಸ್ಸಿನ ಅವಶೇಷಕ್ಕೂ ಒಂದೇ ಹೆಸರು ಬಂತು. ಈ ಎರಡು ಕಸಗಳ ನಂಟು ಬೆಳಕಿಗೆ ಬಂದದ್ದು 2000ದಲ್ಲಿ.

ಆಕ್ರಮಣದ ಆಯುಧ, ತಾಯ್ತನದ ಸಾಧನ

ಮಾಸಿನ ಹೊರಪದರದಲ್ಲಿ ಒಂದು ವೈಶಿಷ್ಟ್ಯವುಂಟು. ಅಲ್ಲಿನ ಜೀವಕೋಶಗಳು ತಮ್ಮ ನಡುವಣ ಗೋಡೆಗಳನ್ನು ಕಳೆದುಕೊಂಡು, ಒಂದರೊಳಗೊಂದು ಬೆರೆತು, ಒಂದೇ ಅಖಂಡ ಹಾಳೆಯಾಗುತ್ತವೆ. ದಿನ ತುಂಬಿದಾಗ ಇದರ ಒಟ್ಟು ವಿಸ್ತಾರ 10 ಚದರ ಮೀಟರಿಗೂ ಮಿಗಿಲು. ಎಂದರೆ ಮುಂಬಯಿಯ ಚಾಳಿನ ಒಂದು ಕೋಣೆಯ ನೆಲದಷ್ಟು. ತಾಯಿಯ ರಕ್ತ ಈ ಹಾಳೆಯ ಒಂದು ಬದಿಯಲ್ಲಿ, ಮಗುವಿನ ರಕ್ತ ಇನ್ನೊಂದು ಬದಿಯಲ್ಲಿ. ಎರಡೂ ಬೆರೆಯದಂತೆ ತಡೆದು, ಆಹಾರ ಮತ್ತು ಆಮ್ಲಜನಕವನ್ನು ದಾಟಿಸುವುದು ಇದರ ಕಾಯಕ.

ಈ ಜೀವಕೋಶಗಳನ್ನು ಬೆಸೆಯುವುದು ಸಿನ್ಸಿಟಿನ್ ಎಂಬ ಪ್ರೋಟೀನು. ಅದರ ವಂಶವಾಹಿ ಇರುವುದು ಏಳನೆಯ ವರ್ಣತಂತುವಿನಲ್ಲಿ. 2000ದಲ್ಲಿ ಅಮೆರಿಕೆಯ ಷಾ ಮಿ, ಜಾನ್ ಮೆಕಾಯ್ ಮತ್ತು ಸಂಗಡಿಗರು, ಅದೇ ಕಾಲಕ್ಕೆ ಫ್ರಾನ್ಸಿನ ಮತ್ತೊಂದು ತಂಡ, ಇದು ಪುರಾತನ ರೆಟ್ರೋವೈರಸ್ಸಿನ ಹೊದಿಕೆಯ ಪ್ರೋಟೀನೇ ಎಂದು ತೋರಿಸಿಕೊಟ್ಟರು. ಜೀವಕೋಶದ ಗೋಡೆಗೆ ಅಂಟಿ ಒಳನುಗ್ಗಲು ವೈರಸ್ಸು ಬಳಸುತ್ತಿದ್ದ ಆಯುಧವೇ ಈಗ ಜೀವಕೋಶವನ್ನು ಜೀವಕೋಶಕ್ಕೆ ಬೆಸೆಯುವ ಸಾಧನವಾಗಿದೆ. ಇದು ನಮ್ಮ ಪೂರ್ವಜರನ್ನು ಸೇರಿದ್ದು ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ. ಇದಕ್ಕಿಂತಲೂ ಹಳೆಯದಾದ ಸಿನ್ಸಿಟಿನ್-2ಕ್ಕೆ, ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಗುಣವೂ ಇರುವುದು ಇಲಿಗಳ ಮೇಲಣ ಪ್ರಯೋಗದಲ್ಲಿ ಕಂಡುಬಂದಿದೆ. ಅರ್ಧ ತಂದೆಯ ಅಂಶವಾದ ಮಗುವನ್ನು ತಾಯಿಯ ದೇಹ ಪರಕೀಯವೆಂದು ತಳ್ಳದಿರಲು ಇದೂ ನೆರವಾಗುತ್ತಿರಬಹುದು.

ಇದು ಕೇವಲ ತರ್ಕವಲ್ಲ. ಇಲಿಗಳಲ್ಲಿಯೂ ಇಂತಹದೇ ವಂಶವಾಹಿಯುಂಟು. ಆದರೆ ಬೇರೊಂದು ವೈರಸ್ಸಿನಿಂದ ಬಂದದ್ದು. 2009ರಲ್ಲಿ ಫ್ರಾನ್ಸಿನ ತಿಯೆರಿ ಹೈಡ್‌ಮನ್ ಅವರ ತಂಡ ಅದನ್ನು ನಿಷ್ಕ್ರಿಯಗೊಳಿಸಿದಾಗ, ಮಾಸು ಸರಿಯಾಗಿ ಕೂಡಿಕೊಳ್ಳದೆ ಭ್ರೂಣಗಳು ಗರ್ಭದಲ್ಲಿಯೇ ಸತ್ತವು. ಆಕಳು, ಕುರಿ, ನಾಯಿ, ಬೆಕ್ಕು, ಮೊಲಗಳ ವಂಶಗಳೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವೈರಸ್ಸುಗಳಿಂದ ಇಂತಹ ವಂಶವಾಹಿಗಳನ್ನು ಪಡೆದಿವೆ.

ಕಳ್ಳನೇ ಕಾವಲುಗಾರ

ಈ ಅವಶೇಷಗಳಲ್ಲಿ ಕೆಲವು ಕಾವಲಿನ ಕೆಲಸವನ್ನೂ ಮಾಡುತ್ತವೆ. ಅಮೆರಿಕೆಯ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ಕೆಲವು ವೈರಸ್ ತುಣುಕುಗಳು ಸೋಂಕು ತಗುಲಿದಾಗ ರೋಗನಿರೋಧಕ ವಂಶವಾಹಿಗಳನ್ನು ಎಚ್ಚರಿಸುವ ಗುಂಡಿಗಳಂತಿವೆ. ಮಾನವ ಜೀವಕೋಶದಿಂದ ಅಂತಹ ತುಣುಕನ್ನು ಕತ್ತರಿಸಿ ತೆಗೆದಾಗ ಅದರ ಪ್ರತಿರೋಧ ಕುಗ್ಗಿತು.

ತಿಳಿದಿರಬೇಕಾದ ವಿಷಯಗಳು

ಇಷ್ಟರಿಂದ ವೈರಸ್ಸುಗಳೆಲ್ಲ ಬಂಧುಗಳೆಂದು ಭಾವಿಸಲಾಗದು. ಇಂದಿನ ಸೋಂಕುಗಳಿಗೆ ಲಸಿಕೆ, ಶುಚಿತ್ವ, ಚಿಕಿತ್ಸೆಗಳೇ ಮಾರ್ಗ. ಏಡ್ಸ್ ತರುವ ಎಚ್.ಐ.ವಿ. ಕೂಡ ರೆಟ್ರೋವೈರಸ್ಸೇ, ಆದರೆ ಅದು ತಾಯಿಯಿಂದ ಮಗುವಿಗೆ ತಗುಲುವುದು ಸೋಂಕಾಗಿ, ವಂಶವಾಹಿಯಾಗಿ ಅಲ್ಲ. ಸಕಾಲದ ಔಷಧೋಪಚಾರದಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದು.

ಇನ್ನೊಂದು ಮಾತು. ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ತಾಯಿ-ಮಗು ಇಬ್ಬರಿಗೂ ಅಪಾಯ ತರುವ ಪ್ರಿ-ಎಕ್ಲಾಂಪ್ಸಿಯಾ ಎಂಬ ರೋಗದ ಮೂಲದಲ್ಲಿ ಮಾಸಿನ ದೋಷವಿರುತ್ತದೆ. ಇಂತಹ ಮಾಸಿನಲ್ಲಿ ಸಿನ್ಸಿಟಿನ್ ಪ್ರಮಾಣ ತಗ್ಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅದೇ ಕಾರಣವೋ, ಬರಿಯ ಪರಿಣಾಮವೋ ಎಂಬುದು ಇತ್ಯರ್ಥವಾಗಿಲ್ಲ. ಅತ್ತೆ, ತಾಯಿ, ಅನುಭವಸ್ಥ ನೆರೆಯವರು ಹತ್ತಿರವಿಲ್ಲದ ದೂರದ ನಗರದಲ್ಲಿ ಸಂಸಾರ ಹೂಡಿದ ದಂಪತಿಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಐದು ತಿಂಗಳು ಕಳೆದ ಮೇಲೆ ರಕ್ತದೊತ್ತಡ 140/90ನ್ನು ಮುಟ್ಟಿದರೆ, ಮುಖ-ಕೈಗಳು ಹಠಾತ್ತನೆ ಊದಿಕೊಂಡರೆ, ತೀವ್ರವಾದ ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡರೆ, ‘ಬಸಿರಿಯ ಸಹಜ ಆಯಾಸ’ವೆಂದು ಸುಮ್ಮನಿರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ತಪಾಸಣೆಯ ದಿನವನ್ನು ಎಂದೂ ತಪ್ಪಿಸಬಾರದು.

ಕರೆಯದೆ ಬಂದು, ಕೆಡುಕನ್ನೇ ಬಯಸಿ ಹೊಕ್ಕವನು, ಕಾಲ ಸರಿದಂತೆ ಮನೆಯ ಬಾಣಂತನಕ್ಕೆ ಬೇಕಾದವನಾದ ಕಥೆಯಿದು. ಯಾವ ಬಾಬನ್ನೂ ಪೂರ್ತಿ ಪರಿಶೀಲಿಸದೆ ಕಸವೆಂದು ಹೊಡೆದುಹಾಕಬಾರದೆಂಬುದೇ ಪ್ರಕೃತಿಯ ಲೆಕ್ಕದ ಪುಸ್ತಕ ಕಲಿಸುವ ಪಾಠ.