ಬ್ಯಾಂಕಾಕ್‌ನಲ್ಲಿ ಇಳಿದ ಮೊದಲ ದಿನದ ಲೆಕ್ಕ

ಹೋದ ಎಪಿಸೋಡ್ ಆದ್ಮೇಲೆ ಎರಡು ವಾಯ್ಸ್ ನೋಟ್ ಬಂದ್ವು. ಕೆ.ಆರ್. ಪೇಟೆ ಹುಡುಗ ಒಬ್ಬ ಕೇಳಿದ್ದ: "ಅಣ್ಣ, ಬ್ಯಾಂಕಾಕ್‌ನಲ್ಲಿ ಇಳಿದ ದಿನ ಎಷ್ಟು ಖರ್ಚಾಗುತ್ತೆ?" ನಾಗಮಂಗಲದವನು ಕೇಳಿದ್ದು: "ಅಲ್ಲಿ ಡೇಟಾ ಎಂಟ್ರಿ ಕೆಲಸ ಅಂತೆ ಅಣ್ಣ, ಟಿಕೆಟ್ ಅವರೇ ಕೊಡ್ತಾರಂತೆ, ವೀಸಾನೂ ಬೇಡ್ವಂತೆ. ಹೋಗ್ಲಾ?" ಮೊದಲು ಖರ್ಚಿನ ವಿಷಯ ಹೇಳ್ತೀನಿ, ಆಮೇಲೆ ಎರಡನೆಯದಕ್ಕೆ ಬರ್ತೀನಿ.

ನಾನು ಹೋಗಿದ್ದು 2025ರಲ್ಲಿ. ಪಾಂಡವಪುರ ಸ್ಟೇಷನ್‌ನಿಂದ ಬೆಂಗಳೂರಿಗೆ ರೈಲು, ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್, ಆಮೇಲೆ ನಾಲ್ಕು ಗಂಟೆ ಹತ್ತಿರ ವಿಮಾನ. ಮೊದಲ ತಪ್ಪು ಮನೇಲೇ ಆಗಿತ್ತು. ಆ ವರ್ಷ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗೋರು, ಇಳಿಯೋದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಪೂರ್ತಿ ಫ್ರೀ. ನಾನು ಹುಡುಕಿದಾಗ ಮೇಲೆ ಕಂಡ ಯಾವುದೋ ಸೈಟ್ ಒತ್ತಿ ದುಡ್ಡು ಕಟ್ಟಿಬಿಟ್ಟೆ. ಬಿ.ಕಾಂ. ಓದಿದೋನು ನಾನು, ಹೇಳ್ಕೊಳೋಕೆ ನಾಚಿಕೆ! ಸರ್ಕಾರಿ ಸೈಟ್ ವಿಳಾಸ 'ಜಿಒ ಡಾಟ್ ಟಿಎಚ್' ಅಂತ ಮುಗಿಯುತ್ತೆ, ಅದನ್ನ ನೋಡ್ಕೊಳಿ.

ಇಳಿಯೋ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಮುಂದೆ. ಇಮಿಗ್ರೇಷನ್‌ನಲ್ಲಿ ವಾಪಸ್ ಟಿಕೆಟ್, ಉಳ್ಕೊಳೋ ಜಾಗದ ಬುಕಿಂಗ್, ಕೈಯಲ್ಲಿರೋ ದುಡ್ಡು ಕೇಳಬಹುದು. ಎಲ್ಲಾದರ ಸ್ಕ್ರೀನ್‌ಶಾಟ್ ಇಟ್ಕೊಳಿ, ಆ ಹೊತ್ತಿಗೆ ನೆಟ್ ಇರಲ್ಲ.

ದುಡ್ಡು ಸೋರೋದು ಇದಾದ್ಮೇಲೆ. ಎಟಿಎಂನಲ್ಲಿ ನಮ್ಮ ಕಾರ್ಡ್ ಹಾಕಿದ್ರೆ ಒಂದ್ಸಲಕ್ಕೆ 200 ಬಾತ್‌ಗೂ ಮೇಲೆ ಶುಲ್ಕ. 1,000 ತೆಗೆದ್ರೂ ಅಷ್ಟೇ, 10,000 ತೆಗೆದ್ರೂ ಅಷ್ಟೇ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಫಿಕ್ಸೆಡ್ ಕಾಸ್ಟ್ ಅಂತ ಓದಿದ್ವಲ್ಲ, ಅದೇ ಇದು. ಹಾಗಾಗಿ ಒಂದೇ ಸಲ ತೆಗೀರಿ. ಮಷೀನು "ರೂಪಾಯಿಗೆ ನಾವೇ ಕನ್ವರ್ಟ್ ಮಾಡ್ಲಾ?" ಅಂತ ಕೇಳುತ್ತೆ. ಬೇಡ ಅನ್ನಿ, ಅವರ ರೇಟು ನಮಗೆ ನಷ್ಟ. ಡಾಲರ್ ನೋಟು ಒಯ್ದಿದ್ರೆ ಬೇಸ್‌ಮೆಂಟಿಗೆ ಇಳೀರಿ, ರೈಲಿನ ಹತ್ತಿರ ಇರೋ ಕೌಂಟರ್‌ಗಳಲ್ಲಿ ಮೇಲಿಗಿಂತ ಒಳ್ಳೆ ರೇಟು.

ಶ್ರೀರಂಗಪಟ್ಟಣದಲ್ಲಿ ಟೂರಿಸ್ಟ್ ಬಸ್ ನಿಂತ ತಕ್ಷಣ ಗೈಡು, ಆಟೋದವರು ಮುತ್ಕೊಳೋದು ನೋಡಿದೀರಲ್ಲ? ಇಲ್ಲಿ ಆ ಟೂರಿಸ್ಟ್ ನಾವೇ. ಟ್ಯಾಕ್ಸಿ ಬೇಕೇಬೇಕು ಅಂದ್ರೆ ಕ್ಯೂನಲ್ಲಿ ನಿಂತು ಮೀಟರ್ ಟ್ಯಾಕ್ಸಿ ಹಿಡೀರಿ. ಮೀಟರ್ ಮೇಲೆ 50 ಬಾತ್ ಏರ್‌ಪೋರ್ಟ್ ಚಾರ್ಜು, ಟೋಲು ಬೇರೆ. ರೈಲಾದ್ರೆ ಪಯಾ ಥಾಯ್‌ವರೆಗೆ 45 ಬಾತ್, ಅರ್ಧ ಗಂಟೆ. ನಾನು ಇಳಿದಾಗ ಮಧ್ಯರಾತ್ರಿ ದಾಟಿತ್ತು, ರೈಲು ನಿಂತಿತ್ತು. ಟ್ಯಾಕ್ಸಿಗೆ ದುಡ್ಡು ಸುರಿಯೋ ಬದಲು ಬೆಳಗಾಗೋವರೆಗೂ ಕುರ್ಚಿ ಮೇಲೆ ತೂಕಡಿಸಿದೆ. ಸೊಂಟ ಹಿಡ್ಕೊಂಡಿದ್ದು ಲೆಕ್ಕಕ್ಕಿಲ್ಲ.

ರೈಲು 45, ಎಟಿಎಂ 220, ಡಾರ್ಮಿಟರಿ ಬೆಡ್ 400, ರಸ್ತೆ ಬದಿ ಎರಡು ಹೊತ್ತಿನ ಊಟ 150. ಒಟ್ಟು 815 ಬಾತ್, ನಮ್ಮ ದುಡ್ಡಲ್ಲಿ ಎರಡು ಸಾವಿರದ ಚಿಲ್ರೆ.

ಈಗ ನಾಗಮಂಗಲದ ತಮ್ಮನಿಗೆ. 2025ರಲ್ಲಿ ವೀಸಾ ಬೇಡ ಅಂತಿದ್ದಿದ್ದು ಊರು ನೋಡೋಕೆ ಬರೋರಿಗೆ. ಆ ಮೊಹರಿನ ಮೇಲೆ ಕೆಲಸ ಮಾಡೋಕೆ ಅನುಮತಿ ಇಲ್ಲ. ಇಂಥ ಆಫರ್ ನಂಬಿ ಹೋದ ಎಷ್ಟೋ ಜನರನ್ನ ಏರ್‌ಪೋರ್ಟ್‌ನಿಂದ ಕಾರಲ್ಲಿ ಕೂರಿಸಿ, ಸುಮಾರು 500 ಕಿ.ಮೀ. ದೂರದ ಮೇ ಸೋಟ್‌ಗೆ ಒಯ್ದು, ಹೊಳೆ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡಿಗೆ ಸೇರಿಸಿದ್ದಾರೆ. ಅಲ್ಲಿ ಪಾಸ್‌ಪೋರ್ಟ್ ಕಿತ್ಕೊಂಡು ಆನ್‌ಲೈನ್ ಮೋಸದ ಕೆಲಸ ಮಾಡಿಸ್ತಾರೆ. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡಿಸಿದ 549 ಭಾರತೀಯರನ್ನ ವಾಯುಪಡೆ ವಿಮಾನಗಳಲ್ಲಿ ವಾಪಸ್ ಕರ್ಕೊಂಡು ಬಂದ್ರು.

ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡು. "ನಮ್ಮ ಡ್ರೈವರ್ ಬಂದು ಕರ್ಕೊಂಡು ಹೋಗ್ತಾನೆ" ಅಂದಿದ್ದಾರಾ, ಅದನ್ನೂ ಹೇಳು. ಆ ಆಫರ್ ಲೆಟರ್ ನಂಗೆ ಫಾರ್ವರ್ಡ್ ಮಾಡು ತಮ್ಮ, ಇವತ್ತೇ. ಅಲ್ಲಿವರೆಗೂ ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡ.