ಹಳೇ ಲ್ಯಾಪ್‌ಟಾಪ್ ಎಸೆಯೋ ಮುಂಚೆ ಒಂದು ಪೆನ್‌ಡ್ರೈವ್ ಹಾಕಿ ನೋಡಿ

ನಾವು ಲೆಕ್ಕ ಬರೆಯೋರು, ಕಂಪ್ಯೂಟರ್ ರಿಪೇರಿ ಮಾಡೋರಲ್ಲ. ಆದರೂ ಮಸ್ಕತ್‌ನ ರೂವಿಯಲ್ಲಿರುವ ನಮ್ಮ ರೂಮಿನಲ್ಲಿ ಒಂದು ಶುಕ್ರವಾರ ನಡೆದದ್ದನ್ನು ನಿಮಗೆ ಹೇಳಲೇಬೇಕು.

ನಮ್ಮ ಜೊತೆ ಕೊಪ್ಪಳ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಹುಡುಗ ಇದ್ದಾನೆ. ಹೊಸ ಕೆಲಸಕ್ಕೆ ಭಾನುವಾರದೊಳಗೆ ಅನುಭವ ಪತ್ರ ಕಳಿಸು ಅಂದಿದ್ದರು. ಅದರ ಸ್ಕ್ಯಾನ್ ಇದ್ದದ್ದು ಅವನ ಹಳೇ ಲ್ಯಾಪ್‌ಟಾಪಿನಲ್ಲಿ ಮಾತ್ರ. ಗುರುವಾರ ರಾತ್ರಿ ಅದು ಕೈಕೊಟ್ಟಿತು. ವಿಂಡೋಸ್ ಗುರುತು ಬರುತ್ತೆ, ಚುಕ್ಕಿ ಸುತ್ತುತ್ತೆ, ಅಷ್ಟೇ. ಅಂಗಡಿಯಲ್ಲಿ ಕೇಳಿದರೆ ಫಾರ್ಮ್ಯಾಟ್ ಮಾಡಬೇಕು, 25 ರಿಯಾಲ್, ಫೈಲು ಉಳಿಯೋ ಗ್ಯಾರಂಟಿ ಇಲ್ಲ ಅಂದರು. "ಅಣ್ಣಾರ, ಹಳೇ ಕಂಪನಿ ಮುಚ್ಚೇತ್ರಿ. ಆ ಲೆಟರ್ ಮತ್ತ ಯಾರ್ ಕೊಡ್ತಾರ್ರಿ?" ಅಂದ ಹುಡುಗ.

ಗೆಳೆಯರೇ, ಲ್ಯಾಪ್‌ಟಾಪ್ ಕೆಟ್ಟಿದೆ ಅಂತೀವಲ್ಲ, ಎಷ್ಟೋ ಸಲ ಕೆಟ್ಟಿರೋದು ವಿಂಡೋಸ್, ಯಂತ್ರವಲ್ಲ. ಕ್ಯಾಶಿಯರ್ ಬಾರದಿದ್ದರೆ ತಿಜೋರಿಯ ಹಣ ಮಾಯವಾಗುತ್ತಾ? ಬೇರೆಯವರು ಬಂದು ಬಾಗಿಲು ತೆಗೆದರೆ ಸಾಕು. ಆ ಬೇರೆಯವರೇ ಪಪ್ಪಿ ಲಿನಕ್ಸ್.

ಇದನ್ನು 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಶುರುಮಾಡಿದರು. ಪೂರ್ತಿ ಉಚಿತ. ನಾವು ಬಳಸಿದ ಫಾಸಾಪಪ್ 64 ಬರೀ 400 ಎಂಬಿ ಚಿಲ್ಲರೆ. ಪೆನ್‌ಡ್ರೈವಿನಿಂದ ರ‍್ಯಾಮ್‌ಗೆ ಏರಿ ಅಲ್ಲೇ ಓಡುತ್ತದೆ, ಹಾಗಾಗಿ 2 ಜಿಬಿ ರ‍್ಯಾಮ್‌ನ ಮುದಿ ಯಂತ್ರದಲ್ಲೂ ಚುರುಕು. ನಾವಾಗಿ ಹೇಳದೆ ಹಾರ್ಡ್‌ಡಿಸ್ಕಿನಲ್ಲಿ ಏನನ್ನೂ ಬದಲಿಸುವುದಿಲ್ಲ.

ಮಾಡೋದು ಹೀಗೆ. 4 ಜಿಬಿಯ ಖಾಲಿ ಪೆನ್‌ಡ್ರೈವ್ ತಗೊಳ್ಳಿ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ. ಚೆನ್ನಾಗಿರೋ ಇನ್ನೊಂದು ಕಂಪ್ಯೂಟರಿನಲ್ಲಿ ಪಪ್ಪಿಯ ಐಎಸ್ಒ ಫೈಲು ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. ಸುಮ್ಮನೆ ಕಾಪಿ ಮಾಡಿದರೆ ನಡೆಯಲ್ಲ. ಆಮೇಲೆ ಕೆಟ್ಟ ಲ್ಯಾಪ್‌ಟಾಪಿಗೆ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿ ಒತ್ತುತ್ತಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ.

ಎರಡು ಸಲ ಕೀಲಿ ತಪ್ಪಿ ಮತ್ತೆ ಅದೇ ಚುಕ್ಕಿ ಸುತ್ತಿತು. ಮೂರನೇ ಸಲ ಪಪ್ಪಿ ಬಂತು. ಪರದೆಯ ಕೆಳಗೆ ಡಿಸ್ಕುಗಳ ಚಿತ್ರ ಸಾಲಾಗಿರುತ್ತವೆ, ಒಂದೇ ಸಲ ಒತ್ತಿದರೆ ತೆರೆಯುತ್ತೆ. ಹುಡುಗನ ಹೆಸರಿನ ಫೋಲ್ಡರ್ ಕಂಡಿತು. ಅನುಭವ ಪತ್ರ, ಐಟಿಐ ಅಂಕಪಟ್ಟಿ, ತಂಗಿಯ ಮದುವೆ ಫೋಟೋ ಎಲ್ಲವನ್ನೂ ಇನ್ನೊಂದು ಪೆನ್‌ಡ್ರೈವಿಗೆ ಎಳೆದುಕೊಂಡೆವು. ಖರ್ಚು 2 ರಿಯಾಲ್. ಅವತ್ತು ರಾತ್ರಿ ಅವನೇ ಎಲ್ಲರಿಗೂ ಚಹಾ ಮಾಡಿಕೊಟ್ಟ.

ಮೂರು ಎಚ್ಚರಿಕೆ. ಕಂಪನಿ ಕೊಟ್ಟ ಲ್ಯಾಪ್‌ಟಾಪಿಗೆ ಅನುಮತಿ ಇಲ್ಲದೆ ಇದನ್ನು ಹಾಕಬೇಡಿ, ಕೆಲಸಕ್ಕೇ ಸಂಚಕಾರ ಬಂದೀತು. ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ, ಅದರ ರಿಕವರಿ ಕೀ ಇಲ್ಲದೆ ಫೈಲು ಸಿಗಲ್ಲ. ಇನ್ನು ಹಾರ್ಡ್‌ಡಿಸ್ಕೇ ಕಟಕಟ ಅಂತಿದ್ದರೆ ಕೂಡಲೇ ನಿಲ್ಲಿಸಿ, ಅದು ಬಲ್ಲವರ ಕೆಲಸ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ರೂಮುಗಳಲ್ಲಿರೋ ಎಷ್ಟೋ ಯಂತ್ರಗಳಿಗೆ 11 ಹಿಡಿಸುವುದಿಲ್ಲ. ಅವನ್ನು ಮೂಲೆಗೆಸೆಯೋ ಮುಂಚೆ ಹೀಗೊಮ್ಮೆ ಎಬ್ಬಿಸಿ ನೋಡಿ. ಆಫ್ ಮಾಡುವಾಗ ಪಪ್ಪಿ ಕೇಳುತ್ತೆ, ನೀವು ಮಾಡಿಕೊಂಡ ಬದಲಾವಣೆಯನ್ನು ಪೆನ್‌ಡ್ರೈವಿನಲ್ಲೇ ಉಳಿಸಿಕೊಳ್ಳಬಹುದು. ಕನ್ನಡ ಅಕ್ಷರದ ಬದಲು ಚೌಕ ಕಂಡರೆ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಳ್ಳಿ.

ಮುಖ್ಯ ಮಾತು ಇಷ್ಟೇ: ನಮ್ಮ ಕಾಗದಪತ್ರವೇ ಇಲ್ಲಿ ನಮ್ಮ ಬಂಡವಾಳ. ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಇವತ್ತೇ ಇನ್ನೊಂದು ಪ್ರತಿ ಮಾಡಿ, ಒಂದನ್ನು ಊರಿಗೂ ಕಳಿಸಿ.